ಕಿಟಕಿ ಪಕ್ಕದ ಹೈಲ್ಯಾಂಡ್ಸ್: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಬೆಳಿಗ್ಗೆ ಎಂಟಕ್ಕೆ ಎಡಿನ್‌ಬರೋ ಬಿಟ್ಟು, ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಬೆಟ್ಟಗಳನ್ನೆಲ್ಲ ಒಂದೇ ಉಸಿರಿಗೆ ಸುತ್ತಿ, ರಾತ್ರಿ ಎಂಟಕ್ಕೆ ಹೊರಟಲ್ಲಿಗೇ ಮರಳುವ ಮಾರ್ಗದರ್ಶಿಸಹಿತ ಬಸ್ ಪ್ರವಾಸವೆಂಬ ಸಂಕಥನವನ್ನು ಅದರ ಚಾರಿತ್ರಿಕ, ಸಾಂಸ್ಕೃತಿಕ, ಮೂತ್ರಕೋಶೀಯ ಹಾಗೂ ಇತರ ನೆಲೆಗಳಲ್ಲಿ ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಅಧ್ಯಯನದ ವ್ಯಾಪ್ತಿ: ಲಾಕ್ ನೆಸ್ ಸರೋವರದವರೆಗೆ. ಅಧ್ಯಯನದ ಮಿತಿ: ಕಿಟಕಿ.

ಕಿಟಕಿಯನ್ನು ಕೇವಲ ಗಾಜೆಂದು ಗ್ರಹಿಸುವುದು ಸರಳೀಕರಣವಾದೀತು. ನೋಡುವ ಪ್ರಜ್ಞೆಗೂ ನೋಡಿಸಿಕೊಳ್ಳುವ ಬೆಟ್ಟಕ್ಕೂ ನಡುವಿನ ಯಜಮಾನಿಕೆಯ ತಾಣ ಅದು. ಒಳಮೈಯಲ್ಲಿ ಸಹಪ್ರಯಾಣಿಕರ ಉಸಿರು, ಹೊರಮೈಯಲ್ಲಿ ಮಳೆ. ಇವೆರಡರ ಮಧ್ಯೆ ನಿಸರ್ಗವು ಮಸುಕು ಮಸುಕಾಗಿ ಅಭಿವ್ಯಕ್ತಿಗೊಳ್ಳುವುದನ್ನು ಗುರುತಿಸಬಹುದಾಗಿದೆ. ಈ ಮಸುಕನ್ನು ಸ್ವೆಟರಿನ ತೋಳಿನಿಂದ ಒರೆಸುವ ಕ್ರಿಯೆಯನ್ನು ಇನ್ನು ಮುಂದೆ ‘ನಿರಚನೆ’ ಎಂದು ಕರೆಯಲಾಗುವುದು.

ಇದೆಂಥ ಕನ್ನಡ ಮಾರಾಯರೇ ಎಂದು ಕೇಳುವವರಿಗೆ ಒಂದು ಮಾತು. ಪ್ರಸ್ತುತ ಸಂಶೋಧಕನು ವರ್ಷಗಟ್ಟಲೆ ಪಿಎಚ್.ಡಿ. ಪ್ರಬಂಧಗಳ ಮೌಲ್ಯಮಾಪನ ಮಾಡಿದ ಪಾಪಿ. ‘ಮಳೆ ಬಂತು’ ಎನ್ನಬೇಕಾದಲ್ಲಿ ‘ಮಳೆಯ ಆಗಮನವನ್ನು ಇಲ್ಲಿ ಗಮನಿಸಬಹುದಾಗಿದೆ’ ಎಂದು ಬರೆದವರಿಗೆ ಸಹಿ ಹಾಕಿ ಕೊಟ್ಟಿದ್ದಾನೆ. ಅವರೆಲ್ಲ ಈಗ ಪ್ರಾಧ್ಯಾಪಕರು, ತಂತಮ್ಮ ಶಿಷ್ಯರಿಗೆ ಅದನ್ನೇ ಕಲಿಸುತ್ತಿದ್ದಾರೆ. ನಾನು ಓದಿದ್ದನ್ನು ನೀವೂ ಸ್ವಲ್ಪ ಅನುಭವಿಸಿ.

ಪೂರ್ವಸೂರಿಗಳ ಸಮೀಕ್ಷೆ. ಈ ಶಾಸ್ತ್ರದ ಆದ್ಯಪ್ರವರ್ತಕ ವಾಲ್ಟರ್ ಸ್ಕಾಟ್. 1810ರಲ್ಲಿ ‘ದಿ ಲೇಡಿ ಆಫ್ ದಿ ಲೇಕ್’ ಎಂಬ ಕಥನಕಾವ್ಯ ಪ್ರಕಟಿಸಿ, ಓದಿದವರೆಲ್ಲ ಲಾಕ್ ಕ್ಯಾಟ್ರಿನ್ ಸರೋವರದ ದಂಡೆಗೆ ಗಾಡಿ ಕಟ್ಟಿಕೊಂಡು ಓಡುವಂತೆ ಮಾಡಿದ. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ, ಆ ಸ್ಥೂಲಕಾಯನಿಗೆ ಕಿಲ್ಟ್ ಉಡಿಸಿ, ಕಾಲಿಗೆ ಚರ್ಮದ ಬಣ್ಣದ ಬಿಗಿ ಕಾಲುಚೀಲ ತೊಡಿಸಿ ನಡೆಸಿದ ಸಂಭ್ರಮದ ಸೂತ್ರಧಾರನೂ ಅವನೇ. ಇದೇ ಉಡುಪನ್ನು 1746ರ ಕಾಯಿದೆಯಲ್ಲಿ ಸರ್ಕಾರ ನಿಷೇಧಿಸಿತ್ತು, 1782ರವರೆಗೆ ಆ ನಿಷೇಧ ತೆರವಾಗಿರಲಿಲ್ಲ ಎಂಬುದನ್ನು ಅಂದು ಯಾರೂ ನೆನೆಯಲಿಲ್ಲ. ಉಟ್ಟವರನ್ನು ಜೈಲಿಗೆ ತಳ್ಳಿದ ಸಿಂಹಾಸನವೇ ಮುಂದೆ ತಾನೇ ಉಟ್ಟುಕೊಂಡು ನಿಂತಿತು. ದ್ವಿತೀಯಾಚಾರ್ಯ ಥಾಮಸ್ ಕುಕ್ 1846ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಿಂದ ಮುನ್ನೂರೈವತ್ತು ಜನರನ್ನು ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಬಂದ. ಗುಂಪಿನಲ್ಲಿ ಹೋಗುವುದು, ಗುಂಪಿನಲ್ಲಿ ನಿಲ್ಲುವುದು, ಗುಂಪಿನಲ್ಲಿ ಬೆರಗಾಗುವುದು ಎಂಬ ತ್ರಿವಿಧ ಸೂತ್ರಗಳು ಅಲ್ಲಿಂದಲೇ ಪರಂಪರೆಯಾಗಿ ಹರಿದುಬಂದಿವೆ.

ಪ್ರಯಾಣಿಕಭೇದ. ನಮ್ಮ ಆಲಂಕಾರಿಕರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ್ದು ಸರಿಯಷ್ಟೆ. ಬಸ್ ಪ್ರಯಾಣಿಕರಿಗೂ ಅದೇ ವರ್ಗೀಕರಣ ಯಥಾವತ್ತಾಗಿ ಅನ್ವಯಿಸುತ್ತದೆ. ಬೆಳಗಿನ ಏಳೂಕಾಲಕ್ಕೇ ಬಂದು, ಮೊದಲ ಸಾಲಿನಲ್ಲಿ ಮಫ್ಲರು ಹಾಸಿ, ಸಂಗಾತಿಗಾಗಿ ಕಾದು ಕುಳಿತಿರುವುದು ವಾಸಕಸಜ್ಜಿಕೆ. ಕಿಟಕಿ ಸೀಟೆಂದು ನಂಬಿ ಬಂದು, ಕಿಟಕಿಯ ಬದಲು ಎರಡು ಗಾಜುಗಳ ನಡುವಿನ ಕಂಬ ಪಾಲಿಗೆ ಬಂದದ್ದು ವಿಪ್ರಲಬ್ಧೆ. ಆ ಸೀಟಿಗಾಗಿ ಪಕ್ಕದವರೊಡನೆ ಜಗಳ ಕಾದು, ಆಮೇಲೆ ಪಶ್ಚಾತ್ತಾಪಪಟ್ಟು ಅವರಿಗೇ ಬಿಸ್ಕತ್ತು ನೀಡುವುದು ಕಲಹಾಂತರಿತೆ. ಬಸ್ಸು ನಿಂತಲ್ಲೆಲ್ಲ ಮಳೆ ಗಾಳಿ ಕತ್ತಲೆಗಳನ್ನು ಲೆಕ್ಕಿಸದೆ ಶೌಚಾಲಯದತ್ತ ಧಾವಿಸುವುದು ಅಭಿಸಾರಿಕೆ. ಖಂಡಿತೆಯ ಲಕ್ಷಣವೆಂದರೆ... ಬೇಡ ಬಿಡಿ. ಉಳಿದ ನಾಲ್ಕನ್ನು ಆಸಕ್ತರು ಯಾವುದಾದರೂ ವಿಚಾರ ಸಂಕಿರಣದಲ್ಲಿ ಮಂಡಿಸಿಕೊಳ್ಳಲಿ.

ಗೋಮೀಮಾಂಸೆ. ಪ್ರವಾಸದ ಪ್ರಥಮ ವಿರಾಮ ಸಾಮಾನ್ಯವಾಗಿ ಕ್ಯಾಲಂಡರ್ ಪಟ್ಟಣದ ಪಕ್ಕದ ಕಿಲ್ಮಹೋಗ್. ಅಲ್ಲಿ ಉಣ್ಣೆ ಬಟ್ಟೆಯ ಅಂಗಡಿ, ಕಾಫಿ, ಮತ್ತು ಬೇಲಿಯಾಚೆ ಕೆಂಗೂದಲ ಹೈಲ್ಯಾಂಡ್ ದನಗಳು. ಹಾಮಿಶ್ ಎಂಬ ಹೆಸರಾಂತ ಹೋರಿ 2014ರಲ್ಲಿ ತೀರಿಕೊಂಡರೂ ಆ ಜಾಗದ ಆಕರ್ಷಣೆ ತಗ್ಗಿಲ್ಲ. ದನದ ಹಣೆಗೂದಲು ಕಣ್ಣಿನ ಮೇಲೆ ಪೂರ್ತಿ ಇಳಿಬಿದ್ದಿರುವುದರಿಂದ ಅದು ಪ್ರವಾಸಿಯನ್ನು ನೋಡುವುದಿಲ್ಲ. ಪ್ರವಾಸಿಯ ಕಣ್ಣಿಗೆ ಫೋನು ಅಡ್ಡ ಇರುವುದರಿಂದ ಅವನೂ ದನವನ್ನು ನೋಡುವುದಿಲ್ಲ. ಅನ್ಯದೊಡನೆ ಅನುಸಂಧಾನ ಇಲ್ಲಿ ಪರಿಪೂರ್ಣ.

ಹಾಮಿಶನ ಬಗ್ಗೆ ಹತ್ತು ನಿಮಿಷ ಮಾತಾಡಿದ ನಮ್ಮ ಮಾರ್ಗದರ್ಶಿ ಫ್ರಾನ್ಸಿಸ್ ಬುಕಾನನ್ ಬಗ್ಗೆ ಒಂದಕ್ಷರ ಹೇಳಲಿಲ್ಲ. ಆತ ಹುಟ್ಟಿದ್ದು ಇದೇ ಕ್ಯಾಲಂಡರ್ ಸೀಮೆಯಲ್ಲಿ. ಕೊನೆಗಾಲ ಕಳೆದು 1829ರಲ್ಲಿ ಸತ್ತದ್ದೂ ಪಕ್ಕದ ಲೆನಿ ಎಸ್ಟೇಟಿನಲ್ಲಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿದ. ಎಕರೆಗೆ ಎಷ್ಟು ಬೀಜ, ಯಾವ ತಿಂಗಳಲ್ಲಿ ಬಿತ್ತನೆ, ನೇಕಾರನಿಗೆ ಏನು ಕೂಲಿ, ಒಕ್ಕಲು ಕೊಡುವ ಕಂದಾಯವೆಷ್ಟು, ಹಳ್ಳಿ ಯಾಕೆ ಪಾಳುಬಿದ್ದಿದೆ ಎಂದು ಕೇಳಿ ಕೇಳಿ ಬರೆದ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಪ್ರೀತಿಯಿಂದ ಕೇಳಿದ್ದಲ್ಲ, ಗೆದ್ದ ಆಸ್ತಿಯ ಪಂಚನಾಮೆ ಅದು. ಆದರೂ ಕೇಳಿದ! ನಮ್ಮ ರಾಗಿ ಹೊಲದ ಅಂಚಿನಲ್ಲಿ ನಿಂತು ರೈತನನ್ನು ಮಾತಾಡಿಸಿದವನ ಊರನ್ನು ನಾವು ಕಾಫಿ ಕಪ್ಪು ಹಿಡಿದು, ಹೋರಿಯ ಫೋಟೊ ತೆಗೆದು ದಾಟಿಬಂದೆವು. ಒಬ್ಬ ರೈತನ ಮುಖವೂ ಕಾಣಲಿಲ್ಲ.

ರಸಪ್ರಕರಣ. ಗ್ಲೆನ್‌ಕೋ ಕಣಿವೆಗೆ ಬರುವಷ್ಟರಲ್ಲಿ ಮಾರ್ಗದರ್ಶಿ ಹಾಸ್ಯದಿಂದ ಕರುಣಕ್ಕೆ ದಾಟಿರುತ್ತಾನೆ. ಧ್ವನಿ ಇಳಿಯುತ್ತದೆ, ಸ್ಪೀಕರಿನಲ್ಲಿ ಬ್ಯಾಗ್‌ಪೈಪ್ ಏರುತ್ತದೆ. 1692ರ ಫೆಬ್ರವರಿ 13ರ ನಸುಕು. ಮ್ಯಾಕ್‌ಡೊನಾಲ್ಡ್ ಮನೆತನದವರ ಒಲೆಯ ಮುಂದೆ ಹೆಚ್ಚುಕಡಿಮೆ ಎರಡು ವಾರ ಉಂಡು ಮಲಗಿದ್ದ ಸೈನಿಕರು ಎದ್ದು ಆ ಮನೆಯವರನ್ನೇ ಕೊಂದರು. ಸತ್ತವರು ಸುಮಾರು 38. ಹಿಮದಲ್ಲಿ ಓಡಿಹೋಗಿ ಚಳಿಗೆ ಸತ್ತವರು ಬೇರೆ. ಉಂಡ ಮನೆಗೆ ಎರಡು ಬಗೆದ ಕಥೆ ಹೇಳಿ ಮುಗಿಸಿದವನೇ ಕೇಳುತ್ತಾನೆ: “ಬಸ್ಸಿನಲ್ಲಿ ಯಾರಾದರೂ ಕ್ಯಾಂಪ್‌ಬೆಲ್ ಇದ್ದೀರಾ? ಇದ್ದರೆ ಇಲ್ಲೇ ಇಳಿಯಿರಿ!” ಬಸ್ಸು ಗೊಳ್ಳೆಂದು ನಗುತ್ತದೆ.

ಇಲ್ಲಿ ರಸಾಭಾಸವನ್ನು ಗುರುತಿಸಬಹುದಾಗಿದೆ ಎಂದು ಬರೆದು ಮುಂದೆ ಹೋಗಬಹುದಿತ್ತು. ಹೋಗಲಾರೆ. ಆ ಸೈನಿಕರ ನಾಯಕ ರಾಬರ್ಟ್ ಕ್ಯಾಂಪ್‌ಬೆಲ್ ಎಂಬುದು ನಿಜ. ಆದರೆ ಅದು ಎರಡು ಕುಲಗಳ ಹಳೇ ಹಗೆಯಷ್ಟೇ ಅಲ್ಲ. ಹೊಸ ದೊರೆ ವಿಲಿಯಮ್ಮನಿಗೆ ನಿಷ್ಠೆಯ ಪ್ರಮಾಣ ಮಾಡಲು ಜನವರಿ 1ರ ಗಡುವು. ಮ್ಯಾಕ್‌ಡೊನಾಲ್ಡರ ಮುದುಕ ಮುಖ್ಯಸ್ಥ ಮೊದಲು ಫೋರ್ಟ್ ವಿಲಿಯಂ ಕೋಟೆಗೆ ಹೋದ. ಇಲ್ಲಲ್ಲ, ಇನ್ವರೇರಿಗೆ ಹೋಗು ಎಂದರು. ಹಿಮದಲ್ಲಿ ಅಲ್ಲಿಗೆ ಹೋಗಿ ಪ್ರಮಾಣ ಮಾಡುವಾಗ 6ನೇ ತಾರೀಕು. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದ ಯಾರಿಗಾದರೂ ಈ ಅಲೆದಾಟ ಅರ್ಥವಾಗುತ್ತದೆ. ಆ ಐದಾರು ದಿನದ ನೆಪವನ್ನೇ ಹಿಡಿದು ಒಂದು ಊರನ್ನು ಮುಗಿಸಲು ಹೊಂಚಿದವನು ಮಂತ್ರಿ ಜಾನ್ ಡಾಲ್ರಿಂಪಲ್; ಹುಕುಂಗೆ ದೊರೆಯ ಸಹಿಯಿತ್ತು. 1695ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟೇ ವಿಚಾರಣೆ ನಡೆಸಿ ಅದನ್ನು ಕೊಲೆ ಎಂದಿತು. ಡಾಲ್ರಿಂಪಲ್ ಹುದ್ದೆ ಬಿಟ್ಟ. 1703ರಲ್ಲಿ ಅರ್ಲ್ ಪದವಿ ಪಡೆದ. ಸರ್ಕಾರ ಕಚೇರಿಯಲ್ಲಿ ಕೂತು ಮಾಡಿಸಿದ ಕೊಲೆ ಹೀಗೆ ಒಂದು ಅಡ್ಡಹೆಸರಿನ ಹೊಣೆಯಾಗುತ್ತದೆ, ನಾವು ಅದಕ್ಕೆ ನಕ್ಕು ಇಳಿದು ‘ಮೂವರು ಅಕ್ಕತಂಗಿಯರು’ ಎಂಬ ಬೆಟ್ಟಗಳ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತೇವೆ. ಹದಿನೈದು ನಿಮಿಷ. ಗಾಳಿಗೆ ಕೊಡೆ ಉಲ್ಟಾ ಆಯಿತು.

ಬೆನ್ ನೆವಿಸ್. ಬ್ರಿಟನ್ನಿನ ಅತಿ ಎತ್ತರದ ಬೆಟ್ಟ, 1,345 ಮೀಟರು. ಮೋಡ ಮುಚ್ಚಿತ್ತು. ಮುಳ್ಳಯ್ಯನಗಿರಿ 1,900 ದಾಟುತ್ತದೆ ಎಂದು ಯಾರಿಗೋ ಹೇಳಬೇಕೆನಿಸಿತು. ಪಕ್ಕದವರು ನಿದ್ದೆ ಹೋಗಿದ್ದರು.

ದೈತ್ಯಾಸ್ತಿತ್ವವಾದ. ಅಧ್ಯಾಯಕ್ರಮದಲ್ಲಿ ನಡುವೆ ಒಂದು ಜಾಗ ಬಿಟ್ಟುಹೋಗಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಲಾಕ್ ನೆಸ್ ಸರೋವರದ ಉದ್ದ ಸುಮಾರು 37 ಕಿಲೋಮೀಟರು, ಆಳ 230 ಮೀಟರು. ಇಂಗ್ಲೆಂಡ್ ಮತ್ತು ವೇಲ್ಸಿನ ಎಲ್ಲ ಕೆರೆ ಸರೋವರಗಳ ನೀರನ್ನು ಒಟ್ಟು ಮಾಡಿದರೂ ಇದರಷ್ಟಾಗದು. ಇಂಥ ಅಗಾಧ ಜಲರಾಶಿಯನ್ನು ನೋಡಲು ಯಾರೂ ಬರುವುದಿಲ್ಲ, ಅದರಲ್ಲಿಲ್ಲದ ಪ್ರಾಣಿಯನ್ನು ನೋಡಲು ಲಕ್ಷಗಟ್ಟಲೆ ಜನ ಬರುತ್ತಾರೆ. 1933ರಲ್ಲಿ ದಂಡೆಯ ರಸ್ತೆ ಸುಧಾರಣೆಯಾಯಿತು. ಅದೇ ವರ್ಷ ನೆಸ್ಸಿ ಎಂಬ ಆ ಪ್ರಾಣಿಯ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿತು. ಇದರಿಂದ ನಿಷ್ಪನ್ನವಾಗುವ ಸಿದ್ಧಾಂತ: ಡಾಂಬರಿಲ್ಲದೆ ದೈತ್ಯವಿಲ್ಲ. 1934ರಲ್ಲಿ ಲಂಡನ್ನಿನ ವೈದ್ಯರೊಬ್ಬರ ಹೆಸರಿನಲ್ಲಿ ಪ್ರಕಟವಾದ ಉದ್ದ ಕುತ್ತಿಗೆಯ ಫೋಟೊ ಆಟಿಕೆ ಜಲಾಂತರ್ಗಾಮಿಗೆ ತಲೆ ಅಂಟಿಸಿದ ಕುಚೇಷ್ಟೆ ಎಂಬುದು 1994ರಲ್ಲಿ ಬಯಲಾಯಿತು. ನಮ್ಮ ದೋಣಿಯಲ್ಲಿ ಸೋನಾರ್ ಪರದೆಯ ಮೇಲೆ ಒಂದು ಹಳದಿ ಚುಕ್ಕೆ ಮೂಡಿದ್ದೇ ತಡ, ಎಲ್ಲರೂ ಎದ್ದು ನಿಂತರು. ಮೀನು. ಆ ಚುಕ್ಕೆಯ ಫೋಟೊ ತೆಗೆದವರಲ್ಲಿ ಪ್ರಸ್ತುತ ಸಂಶೋಧಕನೂ ಒಬ್ಬ.

ಬಿಟ್ಟುಹೋದ ಜಾಗ. ಲಾಕ್ ನೆಸ್‌ಗೆ ಮೊದಲು ಲಾಕ್ ಓಯಿಕ್ ಎಂಬ ಸಣ್ಣ ಸರೋವರ ಸಿಗುತ್ತದೆ. ಅದರ ಅಂಚಿಗೆ, ರಸ್ತೆ ಬದಿಯಲ್ಲೇ, ‘ಏಳು ತಲೆಗಳ ಬಾವಿ’ ಎಂಬ ಸ್ಮಾರಕ. ಕಡಿದ ಏಳು ತಲೆಗಳನ್ನು ಅಲ್ಲಿ ತೊಳೆದರಂತೆ; ಮಾರ್ಗದರ್ಶಿಗೆ ಬೀಭತ್ಸ ರಸಕ್ಕೆ ಅಷ್ಟು ಸಾಕು. ಕಲ್ಲಿನ ಮೇಲೆ ಇಂಗ್ಲಿಷ್, ಗೇಲಿಕ್, ಫ್ರೆಂಚ್, ಲ್ಯಾಟಿನ್ ನಾಲ್ಕರಲ್ಲೂ ಶಾಸನ ಕೆತ್ತಿಸಿದವನು ಗ್ಲೆನ್‌ಗ್ಯಾರಿಯ ಮುಖ್ಯಸ್ಥ ಅಲಸ್ಟೇರ್ ಮ್ಯಾಕ್‌ಡೊನೆಲ್. ಎಡಿನ್‌ಬರೋದ ಕಲಾ ಗ್ಯಾಲರಿಯಲ್ಲಿ ಚಿತ್ರಕಾರ ರೇಬರ್ನ್ ಬರೆದ ಅವನ ಆಳೆತ್ತರದ ಚಿತ್ರವಿದೆ: ಅಡಿಯಿಂದ ಮುಡಿಯವರೆಗೆ ಟಾರ್ಟನ್ ಎಂಬ ಚೌಕುಳಿ ಬಟ್ಟೆ, ಕೈಯಲ್ಲಿ ಬಂದೂಕು, ಮುಖದಲ್ಲಿ ವಂಶಪ್ರತಿಷ್ಠೆ. 1815ರಲ್ಲಿ ‘ನಿಜವಾದ ಹೈಲ್ಯಾಂಡರುಗಳ ಸಂಘ’ವನ್ನೂ ಕಟ್ಟಿದ. ಹೈಲ್ಯಾಂಡ್ ಉಡುಪು, ಭಾಷೆ, ಸಂಗೀತ ಉಳಿಯಬೇಕು ಎಂಬುದು ಅವನ ಕಾಳಜಿ. ಆ ಉಡುಪು ನೇಯ್ದವರು, ಆ ಭಾಷೆ ಆಡಿದವರು ಮಾತ್ರ ಉಳಿಯುವುದು ಬೇಕಿರಲಿಲ್ಲ. ಕುರಿ ಸಾಕಿದರೆ ಹೆಚ್ಚು ಗುತ್ತಿಗೆ ಹಣ. ಅವನ ಅಪ್ಪ ಅಮ್ಮನ ಕಾಲದಲ್ಲೇ ಶುರುವಾಗಿದ್ದ ಒಕ್ಕಲೆಬ್ಬಿಸುವ ಕೆಲಸ ಇವನ ಕೈಯಲ್ಲಿ ಮುಂದುವರಿಯಿತು. 1853ರಲ್ಲಿ ಅವನ ಸೊಸೆ ಜೋಸೆಫಿನ್ ನೊಯ್ಡಾರ್ಟ್ ಕರಾವಳಿಯ ಒಕ್ಕಲುಗಳನ್ನು ಕೆನಡಾ ಹಡಗಿಗೆ ಹತ್ತಿಸಿದಳು. ಹತ್ತಲೊಪ್ಪದವರ ಮನೆಗಳ ಚಾವಣಿ ಕೀಳಿಸಿದಳು; ಬಿದ್ದ ಗೋಡೆಯ ಮರೆಯಲ್ಲಿ ಕೂತವರನ್ನು ಅಲ್ಲಿಂದಲೂ ಓಡಿಸಿದರು.

ಇದ್ಯಾವುದೂ ನಮ್ಮ ಬಸ್ಸಿನಲ್ಲಿ ಕೇಳಲಿಲ್ಲ. “ಹೊಸ ಅವಕಾಶಗಳನ್ನು ಅರಸಿ ಅನೇಕರು ಕೆನಡಾಕ್ಕೆ ಹೋದರು” ಎಂಬ ಒಂದು ವಾಕ್ಯ, ಆಮೇಲೆ ಒಂದು ಹಾಡು. “ಎರಡೂ ಕಡೆ ನೋಡಿ, ಮನುಷ್ಯನ ಕೈ ಸೋಕದ ಕಾಡುನಾಡು!”

ಆಗ ಸಹಸಂಶೋಧಕಿ, ಅಂದರೆ ನನ್ನ ಹೆಂಡತಿ, ಚಪಾತಿ ಪೊಟ್ಟಣ ಮಡಿಸಿಡುತ್ತ ಕೇಳಿದಳು: “ರೀ, ಇಷ್ಟು ನೀರಿದೆ, ಇಷ್ಟು ಹುಲ್ಲಿದೆ. ಊರೇ ಇಲ್ವಲ್ರೀ? ಜನ ಎಲ್ಲಿ ಹೋದ್ರು?”

ವೈಧಾನಿಕ ಚೌಕಟ್ಟು ಕಟ್ಟಿಕೊಂಡಿದ್ದ ನನಗೆ ಹೊಳೆಯದ ಪ್ರಶ್ನೆ. ಅವಳು ಹಾಸನದ ಕಡೆ ಕೃಷಿಕರ ಮನೆಯವಳು. ಕಿಟಕಿ ಒರೆಸಿ ತೋರಿಸಿದಳು: ಕಂದುಬಣ್ಣದ ಬೆಟ್ಟದಿಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಎಳೆಹಸಿರು ತುಂಡು, ಪಕ್ಕದಲ್ಲಿ ಮೊಣಕಾಲೆತ್ತರದ ಕಲ್ಲುಗಳ ಚೌಕ. “ಅದು ಮನೆ ಅಡಿಪಾಯ ಕಣ್ರೀ. ತಲೆತಲಾಂತರ ಗೊಬ್ಬರ ಬೂದಿ ಬಿದ್ದ ನೆಲ, ಅದಕ್ಕೇ ಅಷ್ಟು ಹಸಿರು.” ಬೇರೆ ಕಡೆ ಮರ ಹುಟ್ಟದಿರುವುದಕ್ಕೂ ಕಾರಣ ನಿಸರ್ಗವೊಂದೇ ಅಲ್ಲ; ಮೊದಲು ಕುರಿ, ಆಮೇಲೆ ಶ್ರೀಮಂತರ ಬೇಟೆಗಾಗಿ ಬಿಟ್ಟ ಜಿಂಕೆ, ಚಿಗುರಿದ್ದನ್ನೆಲ್ಲ ಮೇಯುತ್ತ ಬಂದಿವೆ. ಒಕ್ಕಲುಗಳಿಗೆ ಭೂಮಿಯ ಮೇಲೆ ಹಕ್ಕು ಕೊಟ್ಟ ಕಾಯಿದೆ ಬಂದದ್ದು 1886ರಲ್ಲಿ, ಹೋಗಬೇಕಾದವರೆಲ್ಲ ಹೋದ ಮೇಲೆ. ಇವತ್ತಿಗೂ ಸ್ಕಾಟ್ಲೆಂಡಿನ ಖಾಸಗಿ ಗ್ರಾಮೀಣ ಭೂಮಿಯ ಅರ್ಧದಷ್ಟು ಐನೂರಕ್ಕಿಂತ ಕಡಿಮೆ ಒಡೆಯರ ಕೈಯಲ್ಲಿದೆ. ಬಸ್ ಕಂಪನಿಯವರು ನಮಗೆ ದಿನವಿಡೀ ಮಾರಿದ್ದು ಈ ಖಾಲಿತನವನ್ನು. ಖಾಲಿ ಮಾಡಿಸಿದವರ ಉಡುಪನ್ನೇ ಮಾರ್ಗದರ್ಶಿಗೆ ತೊಡಿಸಿ ಮಾರಿದರು!

ಇದೇ ಬೆಟ್ಟಸೀಮೆಯ ಹೆಸರು ಹೊತ್ತ ದಂಡುಗಳು, 73 ಮತ್ತು 74ನೇ ಹೈಲ್ಯಾಂಡರುಗಳು, 1799ರಲ್ಲಿ ಶ್ರೀರಂಗಪಟ್ಟಣದ ಗೋಡೆ ಹತ್ತಿದವು. ಅಲ್ಲಿ ನಾವು ಸೋತೆವು, ಇಲ್ಲಿ ಅವರ ಮನೆಯವರು. ಇದರ ಮೇಲೆ ಯಾರಾದರೂ ಒಂದು ಪ್ರಬಂಧ ಬರೆದರೆ ‘ಬಹುದಾಗಿದೆ’ ಎಷ್ಟೇ ಇದ್ದರೂ ಸಹಿ ಹಾಕುತ್ತೇನೆ.

ಮಾರ್ಗದರ್ಶಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗ ಅಂಕುಡೊಂಕು ರಸ್ತೆಯಲ್ಲಿ ತಾನೇ ಬಸ್ಸು ಓಡಿಸುತ್ತ, ಕಿವಿಗೆ ಮೈಕು ಸಿಕ್ಕಿಸಿಕೊಂಡು ಹಗಲಿಡೀ ಮಾತಾಡಿದ್ದಾನೆ. ಪಿಟ್ಲೋಕ್ರಿಯಲ್ಲಿ ಐಸ್‌ಕ್ರೀಮ್ ಸಾಲಿನಲ್ಲಿ ನಿಂತಾಗ ಒಕ್ಕಲೆಬ್ಬಿಸಿದ ಕಥೆ ಕೇಳಿದೆ. ಅವನಿಗೆ ಎಲ್ಲ ಗೊತ್ತಿತ್ತು, ನನಗಿಂತ ಚೆನ್ನಾಗಿಯೇ. “ಅದನ್ನು ಹೇಳಿದರೆ ಜನ ಮಂಕಾಗುತ್ತಾರೆ ಸರ್, ಸ್ಟಾರ್ ಕಡಿಮೆ ಕೊಡುತ್ತಾರೆ” ಎಂದ.

ಶಿಫಾರಸುಗಳು. ಉಣ್ಣೆ ಅಂಗಡಿಗೆ ಮೀಸಲಿಟ್ಟ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ತೆಗೆದು ಆ ಕಲ್ಲಿನ ಚೌಕಗಳ ಬಳಿ ಬಸ್ಸು ನಿಲ್ಲಿಸತಕ್ಕದ್ದು. ಅಲ್ಲಿ ಹಾಡು ಹಾಕಕೂಡದು. ಕ್ಯಾಂಪ್‌ಬೆಲ್ ಜೋಕನ್ನು ಡಾಲ್ರಿಂಪಲ್ ಹೆಸರಿಗೆ ವರ್ಗಾಯಿಸಬಹುದಾಗಿದೆ. ಕ್ಯಾಲಂಡರ್ ದಾಟುವಾಗ ಬುಕಾನನ್ ಹೆಸರನ್ನು ಕನಿಷ್ಠ ಹೋರಿಯ ಹೆಸರಿನಷ್ಟು ಸಲ ಹೇಳಬೇಕು. ಬೇಕಾದರೆ ನೆಸ್ಸಿಯ ಸಮಯವನ್ನೂ ಕತ್ತರಿಸಲಿ, ಅದೇನೂ ಬೇಸರಪಟ್ಟುಕೊಳ್ಳುವುದಿಲ್ಲ. ಶೌಚಾಲಯದ ವಿರಾಮಗಳಿಗೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕತಕ್ಕದ್ದಲ್ಲ. ಆ ಅಧ್ಯಾಯದಲ್ಲಿ ಪ್ರಸ್ತುತ ಸಂಶೋಧಕನ ನಿಲುವು ಅಚಲವಾದುದಾಗಿದೆ.