ಹೊರಗಿನವರ ಕೈ

“ಶೆಟ್ರೇ, 1996ರ ಜೂನ್‌ನಲ್ಲಿ ನಮ್ಮ ದೇವೇಗೌಡ್ರು ಪ್ರಧಾನಿ ಆದ್ರಲ್ಲ, ಹೆಂಗೆ?” “ಕಾಂಗ್ರೆಸ್ ಕೈ ಕೊಡ್ತು, ಆದ್ರು.” “ಮುಂದಿನ ಏಪ್ರಿಲ್‌ನಲ್ಲಿ ಇಳಿದಿದ್ದು?” “ಕಾಂಗ್ರೆಸ್ ಕೈ ಕೊಡ್ತು, ಇಳಿದ್ರು!” ಕಿರಾಣಿ ಅಂಗಡಿಯ ಈ ಲೆಕ್ಕದಲ್ಲಿ ಉತ್ಪ್ರೇಕ್ಷೆಯಿಲ್ಲ. ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 16 ಗೆದ್ದುಕೊಟ್ಟ ಮುಖ್ಯಮಂತ್ರಿಯನ್ನು, ವಿ.ಪಿ. ಸಿಂಗ್ ಒಲ್ಲೆನೆಂದ, ಜ್ಯೋತಿ ಬಸು ಅವರನ್ನು ಸ್ವಂತ ಪಕ್ಷವೇ ಹತ್ತಗೊಡದ ಕುರ್ಚಿಯಲ್ಲಿ ಕೂರಿಸಲಾಯಿತು. (ಆಗ ಗೌಡರು ಸಂಸತ್ ಸದಸ್ಯರೂ ಅಲ್ಲ, ರಾಜ್ಯಸಭೆಗೆ ಹೋದದ್ದು ಆಮೇಲೆ.) “ಬೆಂಬಲ ಕೊಟ್ಟೋರ ಮಂತ್ರಿಗಳು ಎಷ್ಟಿದ್ರು ಶೆಟ್ರೇ?” “ಒಬ್ರೂ ಇಲ್ಲ.” “ಮತ್ತೆ ತಪ್ಪಾದ್ರೆ ಹೊಣೆ?” “ಹೊರಗೆ ನಿಂತೋರಿಗೆ ಎಂಥ ಹೊಣೆ ಕಣೋ ರಂಗ? ಬಾಗಿಲ ಚಿಲಕ ಮಾತ್ರ ಅವ್ರ ಕಡೆ.”

ಗೌಡರಿಗೆ ದಿಲ್ಲಿ ಒಗ್ಗಲಿಲ್ಲ, ಹಿಂದಿ ಬಾರದ್ದರಿಂದ ಬಿದ್ದರು ಎಂಬ ಆಕ್ಷೇಪವನ್ನು ಶೆಟ್ಟರೂ ಎತ್ತಿದರು. “ಹಂಗಾದ್ರೆ ಆಮೇಲೆ ಪ್ರಧಾನಿ ಆದ ಗುಜ್ರಾಲ್ ಸಾಹೇಬ್ರಿಗೆ ಹಿಂದಿ ಬರ್ತಿರಲಿಲ್ವಾ?” “ಉರ್ದುನೂ ಬರ್ತಿತ್ತು.” “ಅದೇ ವರ್ಷ ನವೆಂಬರ್‌ಗೆ ಅವ್ರೂ ಯಾಕೆ ಇಳಿದ್ರು?” ಶೆಟ್ಟರು ತಕ್ಕಡಿ ಒರೆಸತೊಡಗಿದರು. 1979ರ ಪ್ರಧಾನಿ ಚರಣ್ ಸಿಂಗ್, 1991ರ ಚಂದ್ರಶೇಖರ್ ಇಬ್ಬರೂ ಅಪ್ಪಟ ಹಿಂದಿ ಸೀಮೆಯವರು. ಅವರನ್ನು ಏರಿಸಿದ್ದೂ ಇಳಿಸಿದ್ದೂ ಇದೇ ಹೊರಗಿನ ಬೆಂಬಲ. ಆದ್ದರಿಂದ ಭಾಷೆಯನ್ನು ದೂರುವುದು ಕಳ್ಳನನ್ನು ಬಿಟ್ಟು ಬೀಗವನ್ನು ಜೈಲಿಗೆ ಹಾಕಿದಂತೆ. 1997ರ ಏಪ್ರಿಲ್‌ನಲ್ಲಿ ಬಿದ್ದ ಸರ್ಕಾರದ ವಿದೇಶಾಂಗ ಮಂತ್ರಿಯೇ ಮುಂದಿನ ಪ್ರಧಾನಿ; ಬೀಳಿಸಿದವರೇ ಮತ್ತೆ ಬೆಂಬಲಿಗರು, ಮತ್ತೆ ಹೊರಗಿನಿಂದಲೇ.