ಇನ್ನಿಂಗ್ಸಾಂತ ಮೀಮಾಂಸೆ

ಬೇಸ್‌ಬಾಲಿನಲ್ಲಿ ಇನ್ನಿಂಗ್ಸ್ ಮುಗಿಯುವುದು ಯಾವ ಕ್ಷಣದಲ್ಲಿ? ಮೂವರು ಔಟಾದಾಗ ಎನ್ನುತ್ತಾರೆ ಪಾಮರರು. ಇದು ಪೂರ್ವಪಕ್ಷ, ಖಂಡಿಸುವುದಕ್ಕೆ ಏನಾದರೂ ಬೇಕಲ್ಲ ಎಂದು ಇಟ್ಟುಕೊಂಡಿದ್ದೇವೆ. (ಮೂರು ಔಟಿಗೆ ಮುಗಿಯುವುದು ಅರ್ಧ ಇನ್ನಿಂಗ್ಸ್ ಮಾತ್ರ ಎಂಬ ತಕರಾರು ಸದ್ಯಕ್ಕೆ ಬದಿಗಿರಲಿ.)

ಸಿದ್ಧಾಂತಿಯ ಆಕ್ಷೇಪ: ಮೂರರ ಮೇಲೆ ನಾಲ್ಕನೆಯ ಔಟ್ ಒಂದುಂಟು. ಕ್ಯಾಚ್ ಆಗುವ ಮೊದಲೇ ಬೇಸ್ ಬಿಟ್ಟು ಓಡಿದವನ ಮೇಲೆ ಎದುರಾಳಿಗಳು ಅಪೀಲ್ ಮಾಡಿ ಗೆದ್ದರೆ, ಆ ನಾಲ್ಕನೆಯದೇ ಮೂರನೆಯದರ ಪಟ್ಟವೇರುತ್ತದೆ. ಅವನು ಗಳಿಸಿದ ರನ್ ಅಳಿಸಿಹೋಗುತ್ತದೆ. ಎಲ್ಲಿಯವರೆಗೆ ಅಪೀಲು? ಪಿಚರ್ ಮತ್ತು ಎಲ್ಲ ಇನ್‌ಫೀಲ್ಡರುಗಳು ಡಗ್‌ಔಟ್ ಕಡೆ ಹೊರಟು ಫೌಲ್ ಗೆರೆ ದಾಟುವವರೆಗೆ. ಔಟ್‌ಫೀಲ್ಡರುಗಳು ಲೆಕ್ಕಕ್ಕಿಲ್ಲ, ಅಲ್ಲೇ ಸಂಸಾರ ಹೂಡಿದರೂ ಇಲ್ಲ. ಆದರೆ ಶಾರ್ಟ್‌ಸ್ಟಾಪ್ ಮಹಾಶಯ ಶೂ ಲೇಸ್ ಕಟ್ಟಿಕೊಳ್ಳುತ್ತ ಒಳಗೇ ಕುಕ್ಕರಿಸಿದ್ದರೆ? ಕಾಲಪುರುಷ ಕಾಯಬೇಕು. ಲೇಸಿನ ಉದ್ದದ ಬಗ್ಗೆ ಶಾಸ್ತ್ರ ಮೌನವಾಗಿರುವುದು ಶೋಚನೀಯ.

ದೃಷ್ಟಾಂತ: 2009ರ ಏಪ್ರಿಲ್ 12, ಫೀನಿಕ್ಸ್. ಎರಡನೆಯ ಇನ್ನಿಂಗ್ಸಿನಲ್ಲಿ ಡಾಡ್ಜರ್ಸ್ ತಂಡದ ರ‍್ಯಾಂಡಿ ವುಲ್ಫ್ ಹೊಡೆದ ಚೆಂಡನ್ನು ಡೈಮಂಡ್‌ಬ್ಯಾಕ್ಸ್ ಪಿಚರ್ ಡ್ಯಾನ್ ಹೇರನ್ ನೇರ ಹಿಡಿದ, ಎರಡನೆಯ ಔಟ್. ಚೆಂಡು ಸೆಕೆಂಡ್ ಬೇಸಿನತ್ತ ಹೋಗಿ ಆಂಡ್ರೆ ಈಥಿಯರ್‌ನನ್ನು ಮುಟ್ಟಿತು, ಮೂರನೆಯ ಔಟ್. ಅಷ್ಟರಲ್ಲಿ ಥರ್ಡ್ ಬೇಸಿನಿಂದ ಹುವಾನ್ ಪಿಯರ್ ಓಡಿಬಂದು ಹೋಂ ಪ್ಲೇಟ್ ತುಳಿದಾಗಿತ್ತು. ಕ್ಯಾಚಾದ ಮೇಲೆ ಅವನು ಹಿಂದಿರುಗಿ ಬೇಸ್ ಮುಟ್ಟಿರಲಿಲ್ಲ, ಅಪೀಲ್ ಮಾಡಿದ್ದರೆ ಸಿಕ್ಕಿಬೀಳುತ್ತಿದ್ದ. ಆದರೆ ಡೈಮಂಡ್‌ಬ್ಯಾಕ್ಸ್ ಪಾಮರಪಕ್ಷದವರು. ಮೂರೆಣಿಸಿ ಮೈದಾನ ಬಿಟ್ಟರು. ಡಾಡ್ಜರ್ಸ್ ಪಾಳಯ ಅಂಪೈರುಗಳಿಗೆ ಶಾಸ್ತ್ರ ನೆನಪಿಸಿತು. ಬೇಸಿಗೆ ಹಿಂದಿರುಗದವನ ಔಟ್ ಫೋರ್ಸ್ ಔಟ್ ಅಲ್ಲ. ಹಾಗಾಗಿ ಔಟಿಗೆ ಮೊದಲೇ ಬಂದ ರನ್ ನಿಂತಿತು.

ಇನ್ನೊಂದು ತೊಡಕು. ಅಮೆರಿಕದ ಮಕ್ಕಳ ಲಿಟಲ್ ಲೀಗ್ ನಿಯಮದ ಪ್ರಕಾರ ಇನ್ನಿಂಗ್ಸಿನ ಕೊನೆಯ ಔಟಾದ ಕ್ಷಣವೇ ಮುಂದಿನ ಇನ್ನಿಂಗ್ಸ್ ಶುರು. ಆದರೆ ಹಳೆಯದರ ಮೇಲೆ ಅಪೀಲು ಮಾಡಲು ಆಗ ಇನ್ನೂ ಅವಕಾಶವಿರುತ್ತದೆ. ಅಂದರೆ ಹೆಣ ಎತ್ತುವ ಮೊದಲೇ ತೊಟ್ಟಿಲು ಕಟ್ಟಿದ ಮನೆ. ಎರಡು ಇನ್ನಿಂಗ್ಸುಗಳು ಏಕಕಾಲಕ್ಕೆ ಇರಬಲ್ಲವೇ? ದ್ವೈತಿಗಳು ಹೌದೆನ್ನಲಿ, ಅದ್ವೈತಿಗಳು ಸ್ಕೋರ್‌ಬೋರ್ಡನ್ನೇ ಮಿಥ್ಯೆ ಎನ್ನಲಿ. ಸಿದ್ಧಾಂತ ಇಷ್ಟು: ಮೂರನೆಯ ಔಟ್ ಬರೀ ನೋಟಿಸು, ಇನ್ನಿಂಗ್ಸನ್ನು ಮುಗಿಸುವುದು ಕಟ್ಟಕಡೆಯ ಇನ್‌ಫೀಲ್ಡರನ ಪಾದ. ಆದ್ದರಿಂದ ಪ್ರೇಕ್ಷಕರಲ್ಲಿ ವಿನಂತಿ: ಮೂರನೆಯ ಔಟಾಯಿತೆಂದು ಪಾಪ್‌ಕಾರ್ನಿಗೆ ಏಳಬೇಡಿ, ಶಾರ್ಟ್‌ಸ್ಟಾಪ್ ಗೆರೆ ದಾಟಿದನೇ ನೋಡಿಕೊಂಡು ಏಳಿ.