ಅಪ್ಪನಿಗೊಂದು ಅರ್ಜಿ

ಬೇಸಿಗೆ ಬಂತೆಂದರೆ ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ಮಕ್ಕಳ ಮನೆಗೆ ಬಂದ ಮುದುಕರಿಗೆ ಎರಡೇ ಕೆಲಸ: ಹಿತ್ತಲಲ್ಲಿ ಕೊತ್ತಂಬರಿ, ಮೆಂತ್ಯ ಬೆಳೆಯುವುದು, ಬೇಲಿಯಾಚೆ ಬೆಳೆದದ್ದನ್ನು ನೋಡಿ ಹೊಟ್ಟೆಕಿಚ್ಚು ಪಡುವುದು. ನಾನು ಎರಡನ್ನೂ ನಿಷ್ಠೆಯಿಂದ ಮಾಡುತ್ತೇನೆ.

ನಾನು ಸೂಪರ್ ವೀಸಾದವನು. ಹೆಸರು ಕೇಳಿ ಗಾಬರಿ ಬೀಳಬೇಡಿ. 2011ರಲ್ಲಿ ಶುರುವಾದ ಈ ವೀಸಾದಲ್ಲಿ ಬಂದ ಅಪ್ಪ-ಅಮ್ಮ ಈಗ ಒಮ್ಮೆಗೆ ಐದು ವರ್ಷ ಇರಬಹುದು. ಆದರೆ ಕನಿಷ್ಠ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಮಾಡಿಸಿರಬೇಕು. ಮೇಷ್ಟ್ರಾಗಿ ಸೀಮೆಸುಣ್ಣದ ಧೂಳು ಕುಡಿದ ಅಷ್ಟೂ ವರ್ಷ ನನಗೆ ಯಾರೂ ಇಷ್ಟು ಬೆಲೆ ಕಟ್ಟಿರಲಿಲ್ಲ.

ಬೇಲಿಯಾಚೆ ಇರುವುದು ಲಾರಿ ಓಡಿಸುವ ಪಂಜಾಬಿ ಹುಡುಗ, ಜೊತೆಗೆ ಅವನ ಅಪ್ಪ. ಅಪ್ಪ ಬೆಳೆಯುವ ಮೂಲಂಗಿಯ ಮುಂದೆ ನನ್ನದು ಬೆರಳು. ನಮ್ಮ ಮಾತೆಲ್ಲ ಹಿಂದಿಯಲ್ಲೇ. ನನ್ನದು ದೂರದರ್ಶನದ ರಾಮಾಯಣ ನೋಡಿ ಕಲಿತ ಹಿಂದಿಯಾದ್ದರಿಂದ ನಾನು ಬಾಯಿ ಬಿಟ್ಟರೆ ಅವರಿಬ್ಬರೂ ಒಂದು ಕ್ಷಣ ಕೈಮುಗಿಯುವ ಹಾಗೆ ನಿಲ್ಲುತ್ತಾರೆ.

ಮೊನ್ನೆ ಹುಡುಗ ಒಂದು ಲಕೋಟೆ ಹಿಡಿದು ಬಂದ. "ಮಾಸ್ಟರ್‌ಜೀ, ಪಿತಾಜಿಯ ಕೇಸು ಅಪೀಲಿನಲ್ಲೂ ಹೋಯ್ತು."

ಕಥೆ ಇಷ್ಟೇ. ಅಪ್ಪ ಪ್ರವಾಸಿ ವೀಸಾದಲ್ಲಿ ಬಂದಿದ್ದರು. ಯಾರೋ ಏಜೆಂಟು, "ಆಶ್ರಯ ಕೇಳಿಬಿಡಿ, ವರ್ಕ್ ಪರ್ಮಿಟ್ಟೂ ಸಿಗುತ್ತೆ" ಎಂದು ಕಿವಿಯೂದಿದ. ಊರಲ್ಲಿ ಜಮೀನಿನ ಜಗಳ ಇದ್ದದ್ದು ನಿಜ, ದಾಯಾದಿಗಳು ಬಡಿಗೆ ಹಿಡಿದು ಬಂದದ್ದೂ ನಿಜ. ಆದರೆ ನಿರಾಶ್ರಿತ ಎನ್ನಿಸಿಕೊಳ್ಳಲು ಪೆಟ್ಟಿನ ಭಯವೊಂದೇ ಸಾಲದು. ಸ್ವದೇಶದ ಪೊಲೀಸರು ಕಾಪಾಡಲಾರರು, ದೇಶದ ಬೇರೆ ಮೂಲೆಯಲ್ಲೂ ಬದುಕಲಾಗದು ಎಂದು ತೋರಿಸಬೇಕು. ಭಾರತದಿಂದ ಹೋದವರ ಎಷ್ಟೋ ಕೇಸುಗಳು ಬೀಳುವುದು ಇಲ್ಲೇ: ಮುಂಬೈಗೋ ಬೆಂಗಳೂರಿಗೋ ಹೋಗಿ ಇರಬಹುದಲ್ಲ ಎನ್ನುತ್ತದೆ ಕೇಸು ಕೇಳುವ ನಿರಾಶ್ರಿತರ ಮಂಡಳಿ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸು ಕಟ್ಟಿ ನೋಡಿದವರು ಇಷ್ಟು ಹಗುರವಾಗಿ ಹೇಳುತ್ತಿರಲಿಲ್ಲ.

"ಹೋಗಲಿ ಬಿಡಿ ಮಾಸ್ಟರ್‌ಜೀ, ನನಗೆ ಪಿಆರ್ (ಕಾಯಂ ವಾಸದ ಹಕ್ಕು) ಆಗಿದೆ. ಅಪ್ಪನಿಗೆ ಸ್ಪಾನ್ಸರ್ ಮಾಡಿದರೆ ಮುಗೀತು."

"ಮಾಡಬಹುದು ಬೇಟಾ. ಆಶ್ರಯದ ಅರ್ಜಿ ಬಿತ್ತು ಅಂದ ಮಾತ್ರಕ್ಕೆ ಮಗ ಸ್ಪಾನ್ಸರ್ ಮಾಡಬಾರದು ಅಂತೇನೂ ಇಲ್ಲ. ಆದರೆ ಮುಗೀತು ಅನ್ನಬೇಡ, ಈಗ ಶುರು."

ಮಗ ಮೊದಲು ಸತತ ಮೂರು ವರ್ಷದ ತೆರಿಗೆ ಲೆಕ್ಕ ತೋರಿಸಬೇಕು. ಸಾಮಾನ್ಯವಾಗಿ ಕಡಿಮೆ ಆದಾಯದ ಗೆರೆಗಿಂತ ಶೇ. 30 ಹೆಚ್ಚು ದುಡಿದಿರಬೇಕು. ಅಪ್ಪನ ಖರ್ಚು 20 ವರ್ಷ ನನ್ನದೇ ಎಂದು ಬರೆದುಕೊಡಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಾದರೆ 10. ಇಷ್ಟಾದ ಮೇಲೂ ಅರ್ಜಿ ಹಾಕಲು ಕರೆ ಬರಬೇಕು. ಹಿಂದೆ ಜನವರಿಯ ಚಳಿಯಲ್ಲಿ ಮಿಸಿಸಾಗದ ವಲಸೆ ಕಚೇರಿ ಮುಂದೆ ಈ ಅರ್ಜಿ ಕೊಡಲು ಕೊರಿಯರಿನವರು ದುಡ್ಡು ತಗೊಂಡು ಸಾಲು ನಿಲ್ಲುತ್ತಿದ್ದರಂತೆ. 2017ರಲ್ಲಿ ಲಾಟರಿ ಬಂತು. 2019ರಲ್ಲಿ ಮೊದಲು ಬಂದವರಿಗೆ ಮೊದಲು ಎಂದು ಆನ್‌ಲೈನಿನಲ್ಲಿ ತೆರೆದರು. ಹತ್ತು-ಹನ್ನೊಂದು ನಿಮಿಷದಲ್ಲಿ ಬಾಗಿಲು ಮುಚ್ಚಿತು. 2020ರಲ್ಲಿ ಮತ್ತೆ ಹೆಸರು ಬರೆಸಿಕೊಂಡರು. 2025ರವರೆಗೂ ಚೀಟಿ ಎತ್ತಿದ್ದು ಅದೇ ಡಬ್ಬಿಯಿಂದ. ಆಗ ಹೆಸರು ಕೊಡದ ನಮ್ಮ ಹುಡುಗ ಡಬ್ಬಿಯ ಹೊರಗೇ ಇದ್ದಾನೆ.

"ಹಾಗಾದರೆ ಅಲ್ಲಿಯವರೆಗೆ ಅಪ್ಪ ಇಲ್ಲೇ ಇರಲಿ" ಎಂದ. ಎಡವುವುದು ಇಲ್ಲೇ. ಸ್ಪಾನ್ಸರ್ ಅರ್ಜಿ ಹಾಕಿದರೂ ಅದು ದೇಶ ಬಿಡುವ ಆದೇಶವನ್ನು ತಡೆಯುವುದಿಲ್ಲ. ಮಾನವೀಯ ನೆಲೆಯ ಅರ್ಜಿ ಹಾಕೋಣವೆಂದರೆ, ಕೇಸು ಬಿದ್ದವರು ಸಾಮಾನ್ಯವಾಗಿ 12 ತಿಂಗಳು ಕಾಯಬೇಕು. ಆಶ್ರಯ ಕೇಳಿದಾಗಲೇ ಷರತ್ತಿನ ಮೇಲೆ ಹೊರಡಿಸಿದ್ದ ನಿರ್ಗಮನ ಆದೇಶ ಈಗ ಎದ್ದು ಕೂರುತ್ತದೆ. ಅದು ಜಾರಿಗೆ ಬಂದ 30 ದಿನದೊಳಗೆ ಹೊರಟು, ಗಡಿ ಸೇವಾ ಸಂಸ್ಥೆಯವರಿಗೆ ಮುಖ ತೋರಿಸಿ, ನಿರ್ಗಮನ ಪತ್ರ ಪಡೆದರೆ ಲೆಕ್ಕ ಚುಕ್ತಾ. ಸುಮ್ಮನೆ ಕೂತರೆ, ಅಥವಾ ಯಾರಿಗೂ ಹೇಳದೆ ವಿಮಾನ ಹತ್ತಿದರೆ, ಅದೇ ಆದೇಶ ಗಡೀಪಾರಾಗಿ ತಿರುಗುತ್ತದೆ. ಆಮೇಲೆ ಮಗ ಎಷ್ಟೇ ದುಡಿಯಲಿ, ಚೀಟಿಯೇ ಬರಲಿ, ಮರಳಿ ಬರಲು ವಿಶೇಷ ಅನುಮತಿ ಬೇಡಬೇಕು. ಅದಕ್ಕೆ ಶುಲ್ಕ ಬೇರೆ, ಕೊಡುವುದು ಬಿಡುವುದು ಅಧಿಕಾರಿಯ ಮರ್ಜಿ.

ಅಪ್ಪ ಅಷ್ಟು ಹೊತ್ತೂ ಮೂಲಂಗಿಗೆ ನೀರು ಹಾಕುತ್ತಿದ್ದರು. "ಭಾಯಿಸಾಬ್, ಆಗ ಹೇಳಿದ ಕಥೆ ಈಗ ಮುಳುವಾಗುತ್ತಾ?" ಎಂದರು. ಮಂಡಳಿ ನಂಬಲಿಲ್ಲ ಎನ್ನುವುದು ಒಂದು, ಸುಳ್ಳು ಹೇಳಿದ್ದು ಸಾಬೀತಾಯಿತು ಎನ್ನುವುದು ಇನ್ನೊಂದು. ಎರಡನೆಯದಾದರೆ ಐದು ವರ್ಷ ಬಾಗಿಲು ಬಂದ್. ಆಗ ಬರೆದ ಹೆಂಡತಿ, ಮಕ್ಕಳು, ತಾರೀಕು, ವಿಳಾಸವನ್ನೆಲ್ಲ ಮುಂದಿನ ಅರ್ಜಿಯ ಪಕ್ಕ ಇಟ್ಟು ನೋಡುವವರಿದ್ದಾರೆ. "ನಿಜವನ್ನೇ ಬರೆದಿದ್ದರೆ ಹೆದರಬೇಡಿ. ತಪ್ಪಿದ್ದರೆ ಮುಂದಿನ ಫಾರಂ ಮುಟ್ಟುವ ಮುಂಚೆ ವಕೀಲರಿಗೆ ಹೇಳಿ" ಎಂದೆ. ಅವರು ತಲೆಯಾಡಿಸಿ, ಟಿಕೆಟ್ ನೋಡು ಎಂದು ಮಗನಿಗೆ ಹೇಳಿದರು. ಮಗನ ಮುಖ ಇಳಿಯಿತು, ಆದರೂ ಫೋನು ತೆಗೆದ.

ಮಕ್ಕಳನ್ನು ಕೆನಡಾದಲ್ಲಿಟ್ಟುಕೊಂಡಿರುವ ನಮ್ಮವರಿಗೂ ನನ್ನದು ಇಷ್ಟೇ ಮಾತು. ಕೇಸು ಸೋಲುವುದು ಅವಮಾನವಲ್ಲ, ಸೋತ ಮೇಲೆ ಅವಿತುಕೊಳ್ಳುವುದು ನಷ್ಟ. ಪರವಾನಗಿ ಇಲ್ಲದ ಏಜೆಂಟನ ಮಾತಿಗೆ ಆಶ್ರಯದ ಅರ್ಜಿ ಹಾಕಬೇಡಿ. ಹಾಕಿ ಸೋತಿದ್ದರೆ ಗಡುವಿನೊಳಗೆ ಹೊರಡಿ, ನಿರ್ಗಮನ ಪತ್ರವನ್ನು ಪಾಸ್‌ಪೋರ್ಟಿನ ಜೊತೆ ಜೋಪಾನವಾಗಿಡಿ. ಮುಂದೆ ಮಗ ಕರೆಸಿಕೊಳ್ಳುವಾಗ ಅವನ ಸಂಬಳದ ಚೀಟಿಯಷ್ಟೇ ಆ ಹಾಳೆಯೂ ಬೇಕಾಗುತ್ತದೆ.